ಶಟ್ಟೆವ್ವ ಅಕ್ಕೋರು ಕಲ್ಮೇಶನನ್ನು ತೆಗೆದುಹಾಕಿದ ಬಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಲ್ಮೇಶನನ್ನು ಕಂಡರೆ ಆಗುವುದಿಲ್ಲ. ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಅವನ ಒಳ್ಳೆಯತನದ ಬಗ್ಗೆ ತಿಳಿಯಬೇಕೆನ್ನುವವರು ಬೇರೆ ಯಾರನ್ನಾದರೂ ಕೇಳಿಕೊಳ್ಳಲಿ. ನಾನು ಬರೆಯಲು ಕೂತಿರುವುದು ಶಟ್ಟೆವ್ವ ಅಕ್ಕೋರ ಬಗ್ಗೆ.

ನಾನು ನಿಜಗುಣಪ್ಪ. ಬೈಲಹೊಂಗಲದ ಕಚೇರಿಗಳ ಎದುರಿನ ಓಣಿಯಲ್ಲಿ ಅರ್ಜಿ ಬರೆದುಕೊಟ್ಟು ಬದುಕಿದವನು. ನಾನು ಕೂರುತ್ತಿದ್ದ ಕಟ್ಟೆ ಅಕ್ಕೋರ ಖೋಲಿಯದು. ಅವರು ನೇಸರಗಿಯ ಒಕ್ಕಲು ಮನೆತನದ ಹೆಣ್ಣುಮಗಳು. ಬೆಳಗಾವಿಯಲ್ಲಿ ಟೈಪಿಂಗ್ ಕಲಿತು ಬಂದು, ತೊಂಬತ್ತೊಂದರಲ್ಲಿ ಒಂದು ಕನ್ನಡ, ಒಂದು ಇಂಗ್ಲಿಷ್ ಯಂತ್ರ ಇಟ್ಟು ಕ್ಲಾಸು ತೆರೆದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ ‘ಪುರಸೊತ್ತು ಸಿಗಲಿಲ್ರಿ’ ಎನ್ನುತ್ತಿದ್ದರು. ಕ್ಲಾಸಿನಲ್ಲಿ ಯಾರ ಬೆರಳು ತಪ್ಪು ಕೀಲಿಗೆ ಹೋದರೂ ಅವರಿಗೆ ಬೆನ್ನು ತಿರುಗಿಸಿ ನಿಂತೇ ಗೊತ್ತಾಗುತ್ತಿತ್ತು, ಸಪ್ಪಳದಲ್ಲೇ.

ಅವರದೊಂದು ಪದ್ಧತಿ ಇತ್ತು. ಪ್ರತಿ ವರ್ಷ ಮಹಾನವಮಿಗೆ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಮುಂಚೆ ಎರಡೂ ಯಂತ್ರಗಳನ್ನು ಪೂರಾ ಬಿಚ್ಚಿ, ಚಿಮಣಿ ಎಣ್ಣೆಯಲ್ಲಿ ತೊಳೆದು, ಒರೆಸಿ, ಮತ್ತೆ ಕೂಡಿಸುತ್ತಿದ್ದರು. ರಿಪೇರಿಯವನು ಹಾಕಿಹೋದ ಯಾವುದೋ ಗುರುತಿಲ್ಲದ ಸ್ಪ್ರಿಂಗು, ಪಿನ್ನು ಸಿಕ್ಕರೆ ಕಿತ್ತು ಎಸೆಯುತ್ತಿದ್ದರು. ‘ಹೆಸರ ಗೊತ್ತಿಲ್ಲದ್ದು ನನ್ನ ಮಿಷನ್ನ್ಯಾಗ ಇರಬಾರದ್ರಿ ಅಣ್ಣಾರ’ ಎನ್ನುತ್ತಿದ್ದರು. ಎಸೆದ ಮೇಲೆ ಯಂತ್ರ ಮೊದಲಿಗಿಂತ ಹಗುರವಾಗಿ ಓಡುತ್ತಿತ್ತು. ಆ ಪದ್ಧತಿಯ ಮೇಲೆ ಅವರಿಗೆ ದೇವರ ಮೇಲಿದ್ದಷ್ಟೇ ನಂಬಿಕೆ.

ಕಲ್ಮೇಶ ಅವರ ಹತ್ತಿರವೇ ಕಲಿತವನು. ತೊಂಬತ್ತನಾಲ್ಕರಲ್ಲಿ ಎರಡನೇ ಸಲಕ್ಕೆ ಜೂನಿಯರ್ ಪಾಸಾದ. ಆಮೇಲೆ ಹುಬ್ಬಳ್ಳಿಗೆ ಹೋಗಿ ಏನೇನೋ ಮಾಡಿ, ಬಜಾರದಲ್ಲಿ ಕಂಪ್ಯೂಟರ್ ಅಂಗಡಿ ಹಾಕಿಕೊಂಡು ಕೂತ. ೨೦೦೫ರ ದಸರೆಗೆ ಅಕ್ಕೋರಿಗೆ ಹೊಸ ಕಂಪ್ಯೂಟರ್ ಮಾರಿದ. ಎಕ್ಸ್‌ಚೇಂಜ್ ಎಂದು ಹೇಳಿ ಎರಡೂ ಟೈಪ್‌ರೈಟರ್ ಹೊತ್ತುಕೊಂಡು ಹೋದ. ಅವು ಆಟೊದಲ್ಲಿ ಹೋಗುವುದನ್ನು ಅಕ್ಕೋರು ನೋಡಲಿಲ್ಲ, ಒಳಗೆ ಹೋಗಿ ನೀರು ಕುಡಿದರು.

ಹೊಸ ಯಂತ್ರ ಚಾಲೂ ಮಾಡಿದರೆ ಮೊದಲು ಕಾಣುತ್ತಿದ್ದುದು ಕಲ್ಮೇಶ. ಪರದೆ ತುಂಬ ಅವನ ಮುಖ, ತಲೆಯ ಮೇಲೆ ಏರಿಸಿದ ತಂಪು ಕನ್ನಡಕ, ಮುಗಿದ ಕೈ. ಕೆಳಗೆ ‘ಸದಾ ನಿಮ್ಮ ಸೇವೆಯಲ್ಲಿ’ ಎಂದು ಬರೆದು ಫೋನ್ ನಂಬರು. ಅವನು ಸರಿದ ಮೇಲೆ ಉಳಿದವರ ದಂಡು ಬರುತ್ತಿತ್ತು: ಒಂದಕ್ಕೊಂದು ಜಗಳಾಡುವ ಎರಡು ಆ್ಯಂಟಿವೈರಸ್, ಜಾತಕ ಹೇಳುವುದೊಂದು, ಕುದುರೆ ಓಡಿಸುವ ಆಟ, ಇಂಗ್ಲಿಷಿನಲ್ಲಿ ಕೇಕು ಮಾಡುವುದನ್ನು ಕಲಿಸುವುದೊಂದು. ಅರ್ಜಿ ಟೈಪು ಮಾಡುವ ಹೆಂಗಸಿಗೆ ಕುದುರೆ ಯಾಕೆ ಎಂದು ನಾನೇ ಕೇಳಿದೆ.

‘ಇವೆಲ್ಲಾ ಫ್ರೀ ಅದಾವ್ರಿ ಕಾಕಾ’ ಎಂದ ಕಲ್ಮೇಶ. ‘ಇರ್ಲಿ ಬಿಡ್ರಿ, ಅನ್ನಾ ಕೇಳ್ತಾವೇನು?’

ಅನ್ನ ಕೇಳಲಿಲ್ಲ. ಹೆಣ್ಣುಮಗಳೊಬ್ಬಳ ಹೊಲವನ್ನು ಕೇಳಿದವು.

ಮನೋಳಿಯ ರಾಮವ್ವ ಎಂಬವಳು. ಗಂಡ ತೀರಿಕೊಂಡ ಮೇಲೆ ಮೈದುನರು ಹೊಳೆದಂಡೆಯ ಹೊಲದ ಪಹಣಿ ಉತಾರದಲ್ಲಿ ಇವಳ ಹೆಸರು ಬಿಟ್ಟು ತಮ್ಮ ಹೆಸರುಗಳನ್ನಷ್ಟೇ ಏರಿಸಿಕೊಂಡಿದ್ದರು. ಸವದತ್ತಿಯಲ್ಲಿ ತಕರಾರು ಹಾಕಿ ಸೋತಳು. ಉಳಿದದ್ದು ಬೈಲಹೊಂಗಲದ ಎ.ಸಿ. ಸಾಹೇಬರ ಕಚೇರಿಯಲ್ಲಿ ಅಪೀಲು. ಅದಕ್ಕೆ ಕೊನೆಯ ದಿನ ೨೦೦೬ರ ಫೆಬ್ರವರಿಯ ಒಂದು ಶುಕ್ರವಾರ. ವಕೀಲರು ಕೈಯಲ್ಲಿ ಬರೆದ ಕರಡನ್ನು ಅಕ್ಕೋರು ಹಿಂದಿನ ದಿನವೇ ಟೈಪು ಮಾಡಿ ಇಟ್ಟಿದ್ದರು. ಹನ್ನೊಂದು ಪುಟ. ಬೆಳಿಗ್ಗೆ ಪ್ರಿಂಟು ತೆಗೆದು, ರಾಮವ್ವನ ಹೆಬ್ಬೆಟ್ಟು ಒತ್ತಿಸಿ, ರಸ್ತೆ ದಾಟಿ ಕೊಟ್ಟು ಬರುವುದಷ್ಟೇ ಬಾಕಿ.

ಹತ್ತು ಗಂಟೆಗೆ ಯಂತ್ರ ಚಾಲೂ ಮಾಡಿದರು. ಕಲ್ಮೇಶ ಬಂದು ಕೈಮುಗಿದ. ಹೋಗಲಿಲ್ಲ. ಬಂದ್ ಮಾಡಿ ಮತ್ತೆ ಚಾಲೂ ಮಾಡಿದರು, ಮತ್ತೆ ಕೈಮುಗಿದು ನಿಂತ. ನಾಲ್ಕು ಸಲ ಹಾಗೇ ಆಯಿತು. ಅವನ ಮೊಬೈಲಿಗೆ ಫೋನು ಹಚ್ಚಿದರೆ ‘ಇಲ್ಲೇ ಅದೀನ್ರಿ ಅಕ್ಕೋರ, ಹತ್ತ ಮಿನಿಟ್ನ್ಯಾಗ ಬಂದೆ’ ಎಂದ. ಹನ್ನೆರಡಕ್ಕೂ ಅದನ್ನೇ ಹೇಳಿದ. ಎರಡು ಗಂಟೆಗೂ ಅದನ್ನೇ ಹೇಳಿದ.

ಹನ್ನೆರಡರ ಫೋನು ಆದ ಮೇಲೆ ನಾನು ಎದ್ದು ಹೋಗಿ ‘ಆ ಕರಡ ಇಲ್ಲಿ ಕೊಡ್ರಿ, ನಾ ಕೈಲೆ ಬರದ ಕೊಡ್ತೇನಿ’ ಎಂದೆ.

‘ಬ್ಯಾಡ್ರಿ ಅಣ್ಣಾರ, ಬರಾಕತ್ತಾನಂತ’ ಎಂದರು ಅಕ್ಕೋರು. ರಾಮವ್ವ ಬಾಗಿಲ ಪಕ್ಕದಲ್ಲಿ ಬುತ್ತಿ ಗಂಟು ಹಿಡಿದು ಕೂತಿದ್ದಳು. ನಮ್ಮಿಬ್ಬರ ಮುಖ ನೋಡಿದಳು.

ನಾಲ್ಕು ಗಂಟೆಗೆ ಅಕ್ಕೋರು ತಾವಾಗಿಯೇ ಕರಡು ತಂದು ನನ್ನ ಮುಂದೆ ಇಟ್ಟರು. ನಾನು ಬರೆದೆ, ಬೆರಳು ಸೆಟೆಯುವಷ್ಟು ಬರೆದೆ. ನಾಲ್ಕನೇ ಪುಟದಲ್ಲಿದ್ದಾಗ ಎದುರಿನ ಕಚೇರಿಯ ಸಿಪಾಯಿ ಬಾಗಿಲಿಗೆ ಕೀಲಿ ಹಾಕಿದ. ಆರು ಗಂಟೆಗೆ ಕಲ್ಮೇಶ ಬೈಕಿನಲ್ಲಿ ಬಂದ. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದ. ಒಂದು ಪಟ್ಟಿ ಬಂತು, ಅದರಲ್ಲಿ ಒಂದು ಹೆಸರು ಆರಿಸಿ ಮುಗಿಸಿದ. ಅವನ ಮುಖ ಪರದೆಯಿಂದ ಸರಿಯಿತು. ಹನ್ನೊಂದು ಪುಟಗಳು ಒಂದರ ಹಿಂದೆ ಒಂದು, ಅಚ್ಚುಕಟ್ಟಾಗಿ, ಯಾರಿಗೂ ಬೇಡವಾಗಿ ಹೊರಬಂದವು. ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಅಕ್ಕೋರು ಅವನ ಬೆರಳುಗಳನ್ನೇ ನೋಡುತ್ತಿದ್ದರು, ಯಾವ ಮೂರು ಕೀಲಿ ಎಂದು.

ಸೋಮವಾರ ಅಪೀಲು ಕೊಟ್ಟೆವು, ತಡವಾದದ್ದನ್ನು ಮನ್ನಿಸಿರಿ ಎಂಬ ಇನ್ನೊಂದು ಅರ್ಜಿಯ ಜೊತೆಗೆ. ಮೈದುನರ ವಕೀಲ ಎದ್ದು ನಿಂತು, ಈ ಹೆಂಗಸಿಗೆ ಹೊಲದ ಕಾಳಜಿಯೇ ಇಲ್ಲ, ಕಂಪ್ಯೂಟರ್ ಕೆಟ್ಟಿತ್ತೆಂಬುದು ಕಟ್ಟುಕತೆ ಎಂದ. ಸಾಹೇಬರು ಪುರಾವೆ ಕೇಳಿದರು. ಪುರಾವೆ ಒಂದೇ ಇತ್ತು, ಕಲ್ಮೇಶನ ಬಾಯಲ್ಲಿ. ಅಕ್ಕೋರು ಅವನ ಅಂಗಡಿಗೆ ಹೋದರು, ಜೊತೆಗೆ ನಾನೂ ಹೋದೆ.

‘ಬರದ ಕೊಡಪಾ ಕಲ್ಮೇಶಾ, ಆವತ್ತ ಮಿಷನ್ ನಿಂತಿತ್ತು, ನೀ ಸಂಜೀಕ ಬಂದಿ ಅಂತ. ಆಕೀ ಹೊಲದ ಪ್ರಶ್ನೆ ಐತಿ.’

ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಅವರಿಗೆ ಕೇಳಿಸುವ ಹಾಗೆ ಕಲ್ಮೇಶ ನಕ್ಕ. ‘ಮಿಷನ್ ಚೊಲೋನ ಐತ್ರಿ ಅಕ್ಕೋರ. ಟೈಪ್‌ರೈಟರ್ ಬಡದ ಕೈ ಅದು, ಇದಕ್ಕ ಒಗ್ಗೂದಿಲ್ಲ. ನಿಮ್ಮ ಕೈ ಸುಮಾರ ಐತಿ ಅಂತ ನಾ ಹೆಂಗ ಬರದ ಕೊಡ್ಲಿ?’

ಅಕ್ಕೋರು ಅಂಗಡಿಯಿಂದ ಇಳಿದರು. ವಾಪಸು ಬರುವಾಗ ದಾರಿಯಲ್ಲಿ ಹೇಳಿದರು, ‘ಇವನ ಮಾರಿ ನನ್ನ ಮಿಷನ್ನಿಂದ ತಗೀತೇನ್ರಿ ಅಣ್ಣಾರ. ಆಮ್ಯಾಲ ಎಲ್ಲೆಲ್ಲಿ ಐತಿ ಅಲ್ಲೆಲ್ಲಾ ತಗೀತೇನಿ. ತಾನಾ ಬಂದು ಬರದ ಕೊಡೂ ತನಕಾ ಬಿಡೂದಿಲ್ಲ.’ ಆ ಮಾತು ಕೇಳಿ ನನಗೆ ಹಬ್ಬವಾದಂತಾಯಿತು.

ಆದರೆ ಮೊದಲ ಏಟು ಅವರಿಗೇ ಬಿತ್ತು. ಆ ವರ್ಷದ ಮಹಾನವಮಿಗೆ ಅಕ್ಕೋರು ತಮ್ಮ ಪದ್ಧತಿಯಂತೆ ಯಂತ್ರ ಸ್ವಚ್ಛ ಮಾಡಲು ಕೂತರು. ಹೊರಗಿನಿಂದಲ್ಲ, ಒಳಗಿನಿಂದ. ಕಂಪ್ಯೂಟರಿನ ಹೊಟ್ಟೆಯೊಳಗಿನ ಕಡತಗಳನ್ನು ಒಂದೊಂದಾಗಿ ತೆರೆದು, ಹೆಸರು ಗೊತ್ತಿಲ್ಲದ್ದನ್ನೆಲ್ಲ ಅಳಿಸಿದರು. ಕುದುರೆ, ಕೇಕುಗಳ ಕಡತ ಹೋದವು. ಜೊತೆಗೆ ಯಂತ್ರ ಏಳುವುದಕ್ಕೆ ಬೇಕಾದವೂ ಹೋದವು. ಪೂಜೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದು ಸಾಲು ಬಿಳಿ ಅಕ್ಷರ. ಎರಡು ತಿಂಗಳ ಅರ್ಜಿಗಳೆಲ್ಲ ಒಳಗೇ ಉಳಿದವು.

ಬೇರೆ ದಾರಿಯಿಲ್ಲದೆ ಕಲ್ಮೇಶನನ್ನೇ ಕರೆಸಿದರು. ಎಲ್ಲವನ್ನೂ ಒರೆಸಿ ಹೊಸದಾಗಿ ತುಂಬಿಸಿ ತಂದ, ತನ್ನ ಮುಖದ ಸಮೇತ. ಅರ್ಜಿಗಳು ಉಳಿಯಲಿಲ್ಲ. ಅಷ್ಟು ಸಾಲದೆಂದು, ಅಕ್ಕೋರು ಕಂಪ್ಯೂಟರಿಗೆ ಚಿಮಣಿ ಎಣ್ಣೆ ಹಾಕಿ ತೊಳೆದರು ಎಂದು ಬಜಾರದ ತುಂಬ ಹೇಳಿಕೊಂಡು ತಿರುಗಿದ. ದಶಮಿಯ ಸಂಜೆ ಏನೂ ಆಗಿಲ್ಲದವನ ಹಾಗೆ ಬನ್ನಿ ಕೊಡಲು ಬಂದ. ನಮ್ಮ ಕಡೆ ಆ ದಿನ ವೈರಿ ಬನ್ನಿ ಕೊಟ್ಟರೂ ತೆಗೆದುಕೊಳ್ಳುತ್ತಾರೆ, ‘ಬಂಗಾರದಂಗ ಇರೋಣು’ ಎನ್ನುತ್ತಾರೆ. ಅಕ್ಕೋರು ಸೆರಗಿನೊಳಗಿನ ಕೈ ಹೊರಗೆ ತೆಗೆಯಲಿಲ್ಲ. ಬನ್ನಿ ಎಲೆ ಹಿಡಿದ ಅವನ ಕೈ ಗಾಳಿಯಲ್ಲೇ ನಿಂತಿತು. ಓಣಿಯ ಜನ ನೋಡುತ್ತಿದ್ದರು. ನಾನೂ ತೆಗೆದುಕೊಳ್ಳಲಿಲ್ಲ, ಹೇಳಬೇಕಾಗಿಲ್ಲ.

ಮರುವಾರ ಅಕ್ಕೋರು ಸವದತ್ತಿಯ ಬಸ್ಸು ಹತ್ತಿದರು. ಅಲ್ಲಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಶೀತಲ್ ಎಂಬ ಹುಡುಗಿ ಇದ್ದಳು. ಅಕ್ಕೋರು ಮಾಡಿದ್ದನ್ನೆಲ್ಲ ಕೇಳಿ ಅವಳು ನಗಲಿಲ್ಲ, ಅದಕ್ಕೇ ಅವಳ ಹೆಸರು ಇಲ್ಲಿ ಬರೆದಿದ್ದೇನೆ.

‘ಟೈಪ್‌ರೈಟರ್‌ನ್ಯಾಗ ಗೊತ್ತಿಲ್ಲದ್ದನ್ನ ತಗೀಬೇಕ್ರಿ ಅಕ್ಕೋರ’ ಎಂದಳಂತೆ. ‘ಇದರಾಗ ಗೊತ್ತಿಲ್ಲದ್ದನ್ನ ಮುಟ್ಟಬಾರದು. ಯಾರು, ಎಂಥವ, ಯಾಕ ಕುಂತಾನ ಅಂತ ಕೇಳಿ ತಿಳಕೊಂಡ ಮ್ಯಾಲ ಹೊರಗ ಹಾಕಬೇಕು. ಅದೂ ಕಡತ ಅಳಿಸಿ ಅಲ್ಲ, ಬಾಗಲದಿಂದ ಕಳಿಸಬೇಕು.’

ಆ ಬಾಗಿಲು ಎಂದರೆ ಕಂಟ್ರೋಲ್ ಪ್ಯಾನೆಲ್. ಅಲ್ಲಿ ಒಳಗಿರುವ ಪ್ರೋಗ್ರಾಂಗಳ ಪಟ್ಟಿ ಇರುತ್ತದೆ, ಒಂದೊಂದರ ಪಕ್ಕದಲ್ಲಿ ತೆಗೆಯುವ ಗುಂಡಿ ಇರುತ್ತದೆ. ಅಕ್ಕೋರು ನೂರು ಪುಟದ ನೋಟ್‌ಬುಕ್ ಕೊಂಡು ಆ ಪಟ್ಟಿಯನ್ನು ಪೂರ್ತಿ ನಕಲು ಮಾಡಿದರು. ನಲವತ್ತೊಂದು ಹೆಸರು. ಯಾವುದು ಪ್ರಿಂಟರಿನದು, ಯಾವುದು ಕನ್ನಡ ಅಕ್ಷರದ್ದು, ಯಾವುದು ಧ್ವನಿಯದು ಎಂದು ಶೀತಲಳನ್ನು ಕೇಳಿ ಬರೆದುಕೊಂಡರು. ಹದಿನಾರಕ್ಕೆ ಕೆಂಪು ಗೀಟು ಬಿತ್ತು.

ತೆಗೆಯುವ ಮೊದಲು ಎಲ್ಲ ಅರ್ಜಿಗಳನ್ನೂ ಎರಡು ಸಿ.ಡಿ.ಗೆ ಇಳಿಸಿದರು. ಒಂದು ಅವರ ಟ್ರಂಕಿನಲ್ಲಿ, ಒಂದು ನನ್ನ ಸ್ಟ್ಯಾಂಪು ಪೆಟ್ಟಿಗೆಯಲ್ಲಿ. ಯಂತ್ರದ ಜೊತೆ ಬಂದ ಸಿ.ಡಿ.ಗಳನ್ನು ಕಲ್ಮೇಶ ತನ್ನಲ್ಲೇ ಇಟ್ಟುಕೊಂಡಿದ್ದ. ಅಂಗಡಿಯ ಮುಂದೆ ಅರ್ಧ ದಿನ ಕುರ್ಚಿ ಹಾಕಿಕೊಂಡು ಕೂತು ಅವನ್ನು ಇಸಿದುಕೊಂಡರು. ಆಮೇಲೆ ಯಂತ್ರದೊಳಗೇ ಒಂದು ಗುರುತು ಹಾಕಿದರು, ಏನಾದರೂ ಎಡವಟ್ಟಾದರೆ ಆ ದಿನದ ಸ್ಥಿತಿಗೆ ಹಿಂದಿರುಗುವ ಗುರುತು. ಇಷ್ಟೆಲ್ಲ ಆದ ಮೇಲೂ ಒಂದು ದಿನಕ್ಕೆ ಒಂದನ್ನೇ ತೆಗೆಯುತ್ತಿದ್ದರು. ತೆಗೆದು, ಯಂತ್ರ ಬಂದ್ ಮಾಡಿ, ಮತ್ತೆ ಚಾಲೂ ಮಾಡಿ, ಒಂದು ಪುಟ ಕನ್ನಡ ಬಡಿದು, ಪ್ರಿಂಟು ತೆಗೆದು ನೋಡಿ, ಸರಿಯಿದ್ದರೆ ನೋಟ್‌ಬುಕ್ಕಿನಲ್ಲಿ ಟಿಕ್ಕು. ನನಗೆ ತಾಳ್ಮೆ ಕೆಡುತ್ತಿತ್ತು.

‘ಎಲ್ಲಾ ಒಮ್ಮೆಲೆ ಕಿತ್ತ ಒಗೀರಲಾ!’

‘ಒಮ್ಮೆ ಒಗದೇನಿ’ ಎಂದರು. ‘ಆ ಸುಖಾ ಅವಗ ಎರಡನೇ ಸಲಾ ಕೊಡೂದಿಲ್ಲ.’

ಹದಿನಾರು ಹೋದವು. ಆ್ಯಂಟಿವೈರಸ್ ಎರಡಿದ್ದದ್ದು ಒಂದಾಯಿತು, ಜಗಳ ನಿಂತಿತು. ಉಳಿದವನು ಕಲ್ಮೇಶ. ಅವನು ಪಟ್ಟಿಯಲ್ಲೇ ಇರಲಿಲ್ಲ, ಬಾಗಿಲಿನಿಂದ ಕಳಿಸಲು ಆಗದ ಹಾಗೆ ತನ್ನ ಮುಖವನ್ನು ಒಳಗೆ ಸೇರಿಸಿದ್ದ. ಯಂತ್ರ ಏಳುವಾಗ ಯಾರ್ಯಾರು ಜೊತೆಗೆ ಏಳುತ್ತಾರೆ ಎಂಬ ಇನ್ನೊಂದು ಪಟ್ಟಿ ಇದೆ. ಅಲ್ಲಿ ಬೇರೆ ಹೆಸರಿಟ್ಟುಕೊಂಡು ಕೂತಿದ್ದ. ಆ ಸಂಜೆ ಆರು ಗಂಟೆಗೆ ಅವನ ಬೆರಳು ಪಟ್ಟಿಯಲ್ಲಿ ಮುಗಿಸಿದ ಹೆಸರು ಅದೇ, ಅಕ್ಕೋರಿಗೆ ನೆನಪಿತ್ತು. ಶೀತಲ್ ಬಂದು ನೋಡಿ ಹೇಳಿದಳು: ಇದು ದಿನಾ ಬೆಳಿಗ್ಗೆ ಫೋನಿನ ತಂತಿಯಲ್ಲಿ ಕಲ್ಮೇಶನ ಅಂಗಡಿಯನ್ನು ಕೂಗುತ್ತದೆ, ಆ ಕಡೆ ಯಾರೂ ಓಗೊಡದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಜನ ತನಗೇ ಫೋನು ಮಾಡಲಿ ಎಂದೇ ಮಾಡಿಸಿದ್ದ.

ಅಕ್ಕೋರು ಆ ಹೆಸರಿನ ಮುಂದಿನ ಗುರುತು ತೆಗೆದರು. ಮರುದಿನ ಅವನು ಮತ್ತೆ ಬಂದು ಕೈಮುಗಿದ. ಇಂತಿಷ್ಟು ಹೊತ್ತಿಗೆ ಇಂಥ ಕೆಲಸ ಎಂದು ಯಂತ್ರಕ್ಕೆ ಒಪ್ಪಿಸುವ ಜಾಗದಲ್ಲಿ, ಅವನನ್ನು ಮತ್ತೆ ಎಬ್ಬಿಸಲು ಇನ್ನೊಂದನ್ನು ಕಾವಲಿಗಿಟ್ಟಿದ್ದ. ಮೊದಲು ಕಾವಲು ತೆಗೆದರು, ಆಮೇಲೆ ಅವನನ್ನು. ಕಡತ ಅಳಿಸಲಿಲ್ಲ, ಹೆಸರು ಬದಲಿಸಿ ಎಂಟು ದಿನ ಹಾಗೇ ಇಟ್ಟರು, ಯಂತ್ರ ಅವನಿಲ್ಲದೆ ಬದುಕುತ್ತದೋ ನೋಡಲು. ಒಂಬತ್ತನೆಯ ದಿನ ಅಳಿಸಿದರು. ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ. ಕಲ್ಮೇಶ ಇರಲಿಲ್ಲ.

‘ಹ್ವಾದ’ ಎಂದರು ಅಕ್ಕೋರು. ಅವರ ಮುಖದಲ್ಲಿ ಅಂಥ ನಗು ನಾನು ಹದಿನೈದು ವರ್ಷದಲ್ಲಿ ನೋಡಿರಲಿಲ್ಲ. ಒಳ್ಳೆಯ ನಗುವಲ್ಲ ಅದು, ನನಗೆ ಬಹಳ ಹಿಡಿಸಿತು.

ಆಮೇಲೆ ಬೇಟೆ ಶುರುವಾಯಿತು. ಇಡೀ ಕ್ರಮವನ್ನು ಅಕ್ಕೋರು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿದರು. ಮೇಲೆ ‘ಕಲ್ಮೇಶನನ್ನು ತೆಗೆಯುವ ಕ್ರಮ’ ಎಂದು ದಪ್ಪಕ್ಷರ. ನನ್ನ ಹತ್ತಿರ ಬಂದವರಿಗೆಲ್ಲ ಅರ್ಜಿಯ ಜೊತೆ ಅದನ್ನೂ ಕೊಟ್ಟೆ. ಎರಡನೇ ಶನಿವಾರಗಳಲ್ಲಿ ಅಕ್ಕೋರು ಚೀಲದಲ್ಲಿ ನೋಟ್‌ಬುಕ್ಕು, ಖಾಲಿ ಸಿ.ಡಿ.ಗಳನ್ನು ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ಕಿತ್ತೂರಿನ ಝೆರಾಕ್ಸ್ ಅಂಗಡಿ, ಸವದತ್ತಿಯ ಫೋಟೊ ಸ್ಟುಡಿಯೊ, ರಾಮದುರ್ಗದ ಗೊಬ್ಬರದಂಗಡಿ. ಅವನು ಮಾರಿದ ಕಂಪ್ಯೂಟರ್ ಎಲ್ಲಿದೆಯೋ ಅಲ್ಲಿಗೆ. ದುಡ್ಡು ಮುಟ್ಟುತ್ತಿರಲಿಲ್ಲ. ಮುಖ ಹೋದ ಮೇಲೆ ಅಂಗಡಿಯವರು ಚಹಾ ತರಿಸಿದರೆ ಮಾತ್ರ ಕುಡಿದು ಬರುತ್ತಿದ್ದರು. ಒಂದು ವರ್ಷದಲ್ಲಿ ಬೈಲಹೊಂಗಲವೂ ಸೇರಿ ನಾಲ್ಕೂ ಊರುಗಳಲ್ಲಿ ಅವನ ಕೈಮುಗಿದ ಚಿತ್ರ ಉಳಿದದ್ದು ಅವನ ಅಂಗಡಿಯ ಬೋರ್ಡಿನ ಮೇಲೆ ಮಾತ್ರ. ಫೋನು ಬರುವುದು ನಿಂತಿತು. ಕಲ್ಮೇಶ ಬಾಗಿಲಲ್ಲಿ ನಿಂತು ರಸ್ತೆ ನೋಡುವುದನ್ನು ನೋಡಲೆಂದೇ ನಾನು ಬಜಾರಕ್ಕೆ ಸುತ್ತು ಹಾಕಿ ಹೋಗುತ್ತಿದ್ದೆ.

ರಾಮವ್ವನ ಅರ್ಜಿ ಮಾತ್ರ ತಾರೀಖಿನಿಂದ ತಾರೀಖಿಗೆ ಹೋಗುತ್ತಿತ್ತು. ಪ್ರತಿ ಸಲ ಮನೋಳಿಯಿಂದ ಬಂದು, ಕಟ್ಟೆಯ ಮೇಲೆ ಕೂತು, ತಿರುಗಿ ಹೋಗುತ್ತಿದ್ದಳು.

೨೦೦೮ರ ಜನವರಿಯಲ್ಲಿ ಕಲ್ಮೇಶ ಬಂದ. ಮುಖ ಬಿಳುಚಿಕೊಂಡಿತ್ತು. ಅಕ್ಕೋರ ಕಾಟಕ್ಕೆ ಸಿಟ್ಟಿಗೆದ್ದು, ಹುಬ್ಬಳ್ಳಿಯ ಯಾರದೋ ಕೈಯಲ್ಲಿ ಯಾರೂ ತೆಗೆಯಲಾಗದ ಹೊಸ ಮುಖ ಮಾಡಿಸಿ, ರಾಮದುರ್ಗದ ನೇಕಾರರ ಸೊಸೈಟಿಗೆ ಮಾರಿದ ಹೊಸ ಯಂತ್ರಕ್ಕೆ ಹಾಕಿದ್ದ. ಅದು ನಿಂತುಬಿಟ್ಟಿತ್ತು. ಅವನಿಗೂ ತೆಗೆಯಲು ಬರುತ್ತಿರಲಿಲ್ಲ. ಮಾಡಿಕೊಟ್ಟವನ ಫೋನು ಬಂದ್. ಎರಡು ದಿನಕ್ಕೆ ಸಭೆ, ಸದಸ್ಯರ ಯಾದಿಯೆಲ್ಲ ಅದರೊಳಗೆ. ಸೊಸೈಟಿಯವರು ಪೊಲೀಸರ ಮಾತೆತ್ತಿದ್ದರು.

‘ನೀವ ಬರಬೇಕ್ರಿ ಅಕ್ಕೋರ. ನಿಮ್ಮ ಕಾಲ ಬೀಳ್ತೇನಿ.’

‘ಕಾಲ ಬ್ಯಾಡ’ ಎಂದರು ಅಕ್ಕೋರು. ‘ಒಂದ ಕಾಗದಾ ಬೇಕು. ನಿನ್ನ ಬಾಯಿಲೆ ಹೇಳು, ನಾ ಬಡೀತೇನಿ. ಅಣ್ಣಾರ, ಒಂದ ಸ್ಟ್ಯಾಂಪ್ ಪೇಪರ್ ತಗೀರಿ.’

ಮೂವತ್ತು ವರ್ಷದಲ್ಲಿ ನಾನು ಅಷ್ಟು ಖುಷಿಯಿಂದ ಸ್ಟ್ಯಾಂಪು ಕಾಗದ ತೆಗೆದದ್ದಿಲ್ಲ. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಕಲ್ಮೇಶ ಗಂಟಲು ಸರಿಮಾಡಿಕೊಂಡು, ‘ತಾಂತ್ರಿಕ ತೊಂದರೆಯಿಂದಾಗಿ ವಿಳಂಬವಾಯಿತು’ ಎಂದ.

ಅಕ್ಕೋರು ಕೀಲಿಮಣೆಯಿಂದ ಕೈ ಎತ್ತಿದರು. ‘ತಾಂತ್ರಿಕ ಅಂದ್ರ ಯಾರಪಾ? ಎಲ್ಲಿರ್ತಾನ ಅವ?’

ಜನ ನಕ್ಕರು. ಅವನು ತಲೆ ತಗ್ಗಿಸಿದ. ‘ನನ್ನ ಅಂಗಡಿಯಿಂದ ಹಾಕಿದ ಪ್ರೋಗ್ರಾಂನಿಂದ ಯಂತ್ರ ನಿಂತಿತು, ಬೆಳಿಗ್ಗೆ ಹತ್ತಕ್ಕೆ ನನಗೆ ತಿಳಿಸಿದರು, ನಾನು ಸಂಜೆ ಆರಕ್ಕೆ ಹೋದೆ’ ಎಂದು ಒಂದೊಂದೇ ಮಾತು ಹೇಳಿದ. ಅಷ್ಟು ಹೊತ್ತು ಎಲ್ಲಿದ್ದೆ ಎಂದು ಅಕ್ಕೋರು ಕೇಳಿದರು.

‘ಕಿತ್ತೂರಾಗ ಕ್ರಿಕೆಟ್ ಟೂರ್ನಮೆಂಟ್ ಇತ್ರಿ’ ಎಂದ ಮೆಲ್ಲಗೆ.

ಅದೂ ಕಾಗದಕ್ಕೆ ಬಂತು. ನೋಟರಿಯ ಮುಂದೆ ಅವನಿಂದಲೇ ಓದಿಸಿ ಸಹಿ ಹಾಕಿಸಿದೆವು. ಆಮೇಲೆ ಅಕ್ಕೋರು ರಾಮದುರ್ಗಕ್ಕೆ ಹೋದರು. ಅವನು ಎಷ್ಟು ಗಡಿಬಿಡಿ ಮಾಡಿದರೂ ಮೊದಲು ಸೊಸೈಟಿಯ ಯಾದಿಯನ್ನು ಸಿ.ಡಿ.ಗೆ ಇಳಿಸಿ, ಆಮೇಲೆ ಕಾವಲು, ಆಮೇಲೆ ಮುಖ. ಇಡೀ ದಿನ ಹಿಡಿಯಿತು. ಅವನ ಚಹಾ ಕುಡಿಯಲಿಲ್ಲ.

ಮುಂದಿನ ತಾರೀಖಿಗೆ ಆ ಕಾಗದವನ್ನು ಸಾಹೇಬರ ಮುಂದಿಟ್ಟಾಗ, ಅದರ ಕೆಳಗೆ ಇನ್ನೊಂದು ಸ್ಟ್ಯಾಂಪು ಕಾಗದ ಇತ್ತು. ಅದು ನನಗೂ ಗೊತ್ತಿರಲಿಲ್ಲ. ಅಕ್ಕೋರದು. ಸಾಹೇಬರು ಗಟ್ಟಿಯಾಗಿ ಓದಿದರು: ‘ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಅರ್ಜಿ ಬರೆಯುವ ನಿಜಗುಣಪ್ಪನವರು ಕೈಬರಹದಲ್ಲಿ ಬರೆದುಕೊಡಲು ಸಿದ್ಧರಿದ್ದರು. ಹೊಸ ಕಂಪ್ಯೂಟರ್ ಇಟ್ಟುಕೊಂಡು ಕೈಬರಹದ ಕಾಗದ ಕಳಿಸಿದರೆ ನನ್ನ ಮರ್ಯಾದೆ ಹೋಗುತ್ತದೆಂದು ನಾನು ಬೇಡವೆಂದೆ. ಆಗ ಕೊಟ್ಟಿದ್ದರೆ ಅರ್ಜಿ ವೇಳೆಗೆ ಸೇರುತ್ತಿತ್ತು. ಕಲ್ಮೇಶನ ತಪ್ಪಿನಷ್ಟೇ ಇದು ನನ್ನ ತಪ್ಪು. ರಾಮವ್ವನದು ಏನೂ ಇಲ್ಲ.’

ಅಪೀಲು ದಾಖಲಾಯಿತು. ಐದು ತಿಂಗಳಿಗೆ ಉತಾರದಲ್ಲಿ ರಾಮವ್ವನ ಹೆಸರು ಬಂತು.

ಆದರೆ ನಾನು ಹೇಳಬೇಕಾದದ್ದು ಅಪೀಲು ದಾಖಲಾದ ದಿನದ್ದು. ಕಚೇರಿಯಿಂದ ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಡೆ ಮೂವರೂ ನಡೆದೆವು. ನಾನು ಕಲ್ಮೇಶನ ಮುಖ ಹೇಗಾಗಿತ್ತೆಂದು ಬಣ್ಣಿಸುತ್ತಿದ್ದೆ. ಅಕ್ಕೋರು ನಿಂತು ರಾಮವ್ವನ ಕಡೆ ತಿರುಗಿ, ‘ನನ್ನಿಂದ ಎರಡ ವರ್ಷಾ ಅಲದಾಡಿದಿ ರಾಮವ್ವಾ’ ಎಂದರು.

‘ಹೌದ್ರಿ’ ಎಂದಳು ರಾಮವ್ವ. ‘ಅಣ್ಣಾರು ಬರೀತೇನಿ ಅಂದಾಗ ನಾ ಅಲ್ಲೇ ಬಾಗಲದಾಗ ಕುಂತಿದ್ದೆ. ನೀವು ಬ್ಯಾಡ ಅಂದಾಗ ನಿಮ್ಮ ಮಾರಿ ನೋಡಿದ್ದೆ. ಎಲ್ಲಾ ಊರಾಗ ಅವನ ಮಾರಿ ತಗದ್ರಿ ಅಂತ ಜನಾ ಹೇಳ್ತಿದ್ರು. ನನ್ನ ಅರ್ಜಿ ನಿಂತಿದ್ದರಾಗ ನಿಮ್ಮ ಮಾರಿನೂ ಇತ್ರಿ ಅಕ್ಕೋರ. ಒಂದ ದಿನಾರ ಹೇಳ್ತೀರೇನು ಅಂತ ಪ್ರತಿ ತಾರೀಖಿಗೂ ನಿಮ್ಮ ಕಟ್ಟಿ ಮ್ಯಾಲ ಬಂದು ಕುಂಡರತಿದ್ದೆ.’

ಮನೋಳಿಗೆ ಹೋಗುವ ಬಸ್ಸು ಹೊರಡಲು ನಿಂತಿತ್ತು. ರಾಮವ್ವ ಹತ್ತಿ ಕಿಟಕಿಯ ಪಕ್ಕ ಕೂತಳು, ಅಕ್ಕೋರು ಅವಳ ಟಿಕೀಟಿಗೆಂದು ಚಾಚಿದ ನೋಟನ್ನು ತೆಗೆದುಕೊಳ್ಳಲಿಲ್ಲ.